ವರ್ಣವು ವೇದಿಕೆಯ ಮೇಲೆ ಕೈಕೊಡದಂತೆ ಅಭ್ಯಾಸ ಮಾಡುವುದು ಹೇಗೆ?

ಮನೆಯಲ್ಲಿ ನೀರು ಕುಡಿದಷ್ಟು ಸಲೀಸಾಗಿ ಬರುವ ವರ್ಣ (ಕರ್ನಾಟಕ ಸಂಗೀತದ ಒಂದು ರಚನಾ ಪ್ರಕಾರ), ವೇದಿಕೆಯ ಮೇಲೆ ಎರಡನೆಯ ಎತ್ತುಗಡೆ ಸ್ವರದ (ಚರಣದ ಸಾಲಿನ ಬಳಿಕ ಒಂದೊಂದಾಗಿ ಬರುವ ಸ್ವರಭಾಗ) ಹೊತ್ತಿಗೆ ತಪ್ಪಿಹೋಗುವುದುಂಟು. ಸಾಧನೆ ಸಾಲದೆಂದು ಗದರುವುದು ವಾಡಿಕೆ. ದೋಷವಿರುವುದು ಹೆಚ್ಚಾಗಿ ಸಾಧನೆಯ ಕ್ರಮದಲ್ಲಿ.

ಮೊದಲು ಒಂದೊಂದೇ ಆವರ್ತವನ್ನು (ತಾಳದ ಒಂದು ಪೂರ್ಣ ಸುತ್ತನ್ನು) ರಾಗದ ಸಂಚಾರಗಳಾಗಿ, ಅಂದರೆ ರಾಗಕ್ಕೆ ಸಹಜವಾದ ಸ್ವರಗುಂಪುಗಳಾಗಿ ಬಿಡಿಸಿಕೊಳ್ಳಿ. ಮನಸ್ಸು ಒಮ್ಮೆಗೆ ಹಿಡಿದಿಡಬಲ್ಲದ್ದು ಸುಮಾರು 7 ಘಟಕಗಳನ್ನು ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಬಿಡಿ ಸ್ವರಗಳು ಬೇಗ ಜಾರುತ್ತವೆ, ಪರಿಚಿತ ಸಂಚಾರವಾದರೆ ಹಲವು ಸ್ವರಗಳು ಸೇರಿ ಒಂದೇ ಘಟಕವಾಗುತ್ತವೆ.

ಎರಡನೆಯದಾಗಿ, ಭಾನುವಾರ ಒಂದು ಗಂಟೆ ಕೂರುವ ಬದಲು ನಾಲ್ಕು ದಿನ ಕಾಲು ಗಂಟೆಯಂತೆ ಕುಳಿತುಕೊಳ್ಳಿ, ಮತ್ತು ಪ್ರತಿದಿನ ಪುಸ್ತಕ ತೆರೆಯುವ ಮುನ್ನವೇ ಹಾಡಿ ನೋಡಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು 5 ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೂ, ಒಂದು ವಾರದ ಬಳಿಕ ಮುಂದಿದ್ದವರು ಪಾಠವನ್ನು ನೋಡದೆ ನೆನಪಿಸಿಕೊಂಡು ಬರೆದವರೇ. ಅದು ಗದ್ಯದ ಮೇಲೆ ನಡೆದ ಪ್ರಯೋಗ, ಸಂಗೀತದ ಮೇಲಲ್ಲ. ಆದರೂ ಗುರುಗಳ ಜೊತೆಗೂಡಿ ಹಾಡುವಾಗ ‘ಬಂದುಬಿಟ್ಟಿದೆ’ ಎನ್ನಿಸುವ ಭ್ರಮೆಯನ್ನು ಅರ್ಥಮಾಡಿಕೊಳ್ಳಲು ಸಾಕು.

ಮೂರನೆಯ ಹೆಜ್ಜೆಯೇ ಮುಖ್ಯವಾದದ್ದು. ಪ್ರತಿಯೊಂದು ಎತ್ತುಗಡೆ ಸ್ವರವೂ ಮುಗಿದು ಅದೇ ಚರಣದ ಸಾಲಿಗೆ ಮರಳುವುದರಿಂದ, ಒಂದೇ ಬಾಗಿಲಿನಿಂದ ಹಲವು ದಾರಿಗಳು ಹೊರಡುತ್ತವೆ. ಒಂದು ಸುಳಿವಿಗೆ ಹಲವು ನೆನಪುಗಳು ಅಂಟಿದಷ್ಟೂ ಅವು ಪರಸ್ಪರ ಅಡ್ಡಬರುತ್ತವೆ. ಸದಾ ಪಲ್ಲವಿಯಿಂದಲೇ ಆರಂಭಿಸುವ ಅಭ್ಯಾಸದಿಂದ ಈ ತೊಡಕು ಬಿಡುವುದಿಲ್ಲ. ಆದ್ದರಿಂದ ಮುಕ್ತಾಯಿ ಸ್ವರ (ಅನುಪಲ್ಲವಿಯ ಬಳಿಕ ಬರುವ ಸ್ವರಭಾಗ), ಚರಣ, ಒಂದೊಂದು ಎತ್ತುಗಡೆ ಎಂದು ಚೀಟಿ ಬರೆದು, ಕೈಗೆ ಸಿಕ್ಕಿದ ಚೀಟಿಯಲ್ಲಿರುವ ಭಾಗವನ್ನು ತಾಳ ಹಾಕುತ್ತ ಅಲ್ಲಿಂದಲೇ ಎತ್ತಿಕೊಳ್ಳಿ. ಪ್ರತಿ ಎತ್ತುಗಡೆಯ ಮೊದಲ ಸ್ವರವನ್ನೂ ಅದರ ಕ್ರಮಸಂಖ್ಯೆಯನ್ನೂ ಜೋಡಿಯಾಗಿ ನೆನಪಿಡಿ. ಬಾಖ್‌ನ ಕೃತಿಯೊಂದನ್ನು ಪಿಯಾನೋ ವಾದಕಿ ಗೇಬ್ರಿಯೆಲಾ ಇಮ್ರೆ ಕಲಿತ ಬಗೆಯನ್ನು ಮನೋವಿಜ್ಞಾನಿ ರೋಜರ್ ಚಾಫಿನ್ ದಾಖಲಿಸಿದಾಗ, ಆಕೆಯೂ ಇಂಥ ಗುರುತುಗಳನ್ನು ನೆಟ್ಟುಕೊಂಡೇ ಸಾಗಿದ್ದು ಕಂಡುಬಂತು.

ಇನ್ನು ಸಭಾಕಂಪನ. ಎದೆಬಡಿತವನ್ನು ಅದುಮಿಡಲು ಹೆಣಗಬೇಡಿ. 2014ರಲ್ಲಿ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡುವ ಮುನ್ನ ‘ನನಗೆ ಉತ್ಸಾಹವಾಗುತ್ತಿದೆ’ ಎಂದು ಬಾಯಿಬಿಟ್ಟು ಹೇಳಿದವರು ‘ಆತಂಕವಾಗುತ್ತಿದೆ’ ಎಂದವರಿಗಿಂತ ಚೆನ್ನಾಗಿ ಹಾಡಿದರು. ಕಾರ್ಯಕ್ರಮದ ಹಿಂದಿನ ವಾರ ನೆರೆಯವರನ್ನು ಕೂರಿಸಿಕೊಂಡು ಪೂರ್ತಿ ಹಾಡಿ. ತಪ್ಪಿದರೆ ತಾಳ ನಿಲ್ಲಿಸದೆ ಚರಣದ ಸಾಲನ್ನು ಹಿಡಿಯಿರಿ. ಗುರುಗಳು ಎದುರಿಗಿದ್ದರೆ ಅಂದು ನಡುವೆ ತಿದ್ದದೆ, ಹಾಡು ಮುಗಿದ ಮೇಲೆಯೇ ತಿದ್ದಬೇಕು.