ಮೊದಲು ಬೆಟ್ಟ, ಆಮೇಲೆ ನದಿ: ನೇಪಾಳಕ್ಕೆ ಹೊರಟವರಿಗೆ

ನೇಪಾಳ ಅಂದ ಕೂಡಲೇ ನಮ್ಮ ಕಡೆಯವರು ಪಶುಪತಿನಾಥ, ಮುಕ್ತಿನಾಥ, ಮನಕಾಮನಾ ಅಂತ ದೇವಸ್ಥಾನಗಳ ಪಟ್ಟಿ ಹಾಕುತ್ತಾರೆ. ಹಾಕಲಿ, ತಪ್ಪಿಲ್ಲ. ಆದರೆ ಕಾಲಲ್ಲಿ ಕಸುವಿರುವಾಗಲೇ ಎರಡು ವಾರ ಬಿಡುವು ಮಾಡಿಕೊಂಡು ಅಲ್ಲಿ ಒಂದು ಬೆಟ್ಟ ಹತ್ತಿ, ಒಂದು ನದಿಗೆ ಇಳಿದು ಬನ್ನಿ ಅನ್ನುವವಳು ನಾನು. ಮೈಸೂರಿನಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ, ವಯಸ್ಸು ಐವತ್ತು ದಾಟಿದೆ. ಅಂಗಡಿಗೆ ಬರುವವರೂ ನಾದಿನಿಯ ವಾಕಿಂಗ್ ಬಳಗದವರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅದಕ್ಕೇ ಒಂದು ಸಲ ಬರೆದಿಟ್ಟುಬಿಡೋಣ ಅಂತ ಕೂತೆ.

ಎಲ್ಲಕ್ಕಿಂತ ಮೊದಲು, ಯಾವುದು ಮುಂದೆ ಯಾವುದು ಹಿಂದೆ ಅನ್ನುವ ವಿಷಯ. ಕಾಠ್ಮಂಡುವಿನಿಂದ, ಚಾರಣಕ್ಕೆ ಹೊರಡುವ ಊರಾದ ಪೊಖರಾಕ್ಕೆ ಹೋಗುವ ಪೃಥ್ವಿ ಹೆದ್ದಾರಿ ತುಂಬಾ ದೂರ ತ್ರಿಶೂಲಿ ನದಿಯ ಪಕ್ಕದಲ್ಲೇ ಸಾಗುತ್ತದೆ. ಹಾಗಾಗಿ ಪ್ಯಾಕೇಜ್ ಮಾಡಿಕೊಡುವ ಎಷ್ಟೋ ಜನ ಹೋಗುವಾಗಲೇ ರಾಫ್ಟಿಂಗ್ ಮುಗಿಸಿ, ಆಮೇಲೆ ಚಾರಣಕ್ಕೆ ಕಳಿಸುತ್ತಾರೆ. ಅದನ್ನು ತಿರುಗಿಸಿ ಹಾಕಿಸಿ. ರಾಫ್ಟಿಂಗ್‌ನಲ್ಲಿ ನದಿ ನೀರು ಬಾಯಿಗೆ, ಮೂಗಿಗೆ, ಕಿವಿಗೆ ಹೋಗಿಯೇ ಹೋಗುತ್ತದೆ. ಹೊಟ್ಟೆ ಕೆಡುವುದಾದರೆ ಅದೇ ದಿನ ಕೆಡುವುದಿಲ್ಲ, ಒಂದೆರಡು ದಿನ ಬಿಟ್ಟು ಕೆಡುತ್ತದೆ. ಅಷ್ಟರಲ್ಲಿ ನೀವು ಬೆಟ್ಟದ ಮಧ್ಯದಲ್ಲಿ ಮೆಟ್ಟಿಲೆಣಿಸುತ್ತಿರುತ್ತೀರಿ. ಒದ್ದೆ ಚಪ್ಪಲಿ ಉಜ್ಜಿ ಸುಲಿದ ಕಾಲಿಗೆ ಬೂಟು ಹಾಕುವ ಕಷ್ಟ ಬೇರೆ. ಇನ್ನೂ ಒಂದು ಲೆಕ್ಕವಿದೆ. ಮೇಲೆ ಮಳೆಯೋ ಹಿಮವೋ ಬಿದ್ದು ಚಾರಣ ಒಂದು ದಿನ ತಡವಾದರೆ ನದಿಯ ದಿನವನ್ನು ಕೈಬಿಡಬಹುದು. ನದಿ ಮೊದಲೇ ಮುಗಿಸಿದ್ದರೆ ಕೈಬಿಡಲಿಕ್ಕೆ ಏನೂ ಉಳಿದಿರುವುದಿಲ್ಲ, ಬೆಟ್ಟವನ್ನೇ ಅರ್ಧಕ್ಕೆ ಬಿಟ್ಟು ಇಳಿಯಬೇಕು.

ಯಾವಾಗ, ಹೇಗೆ

ಅಕ್ಟೋಬರ್-ನವೆಂಬರ್, ಇಲ್ಲವೇ ಮಾರ್ಚ್-ಏಪ್ರಿಲ್. ವಸಂತದಲ್ಲಿ ದಾರಿಯುದ್ದಕ್ಕೂ ಕೆಂಪು ಲಾಲಿಗುರಾಸ್ ಹೂ. ಮಳೆಗಾಲ ನಿಂತ ಮೇಲೆ ಹೋದರೆ ಆಕಾಶ ತಿಳಿ, ನದಿಯಲ್ಲಿ ನೀರೂ ತುಂಬು. ನಮ್ಮೂರಿನವರಿಗೆ ದಸರಾ ರಜೆಯಲ್ಲೇ ಹೋಗುವ ಆಸೆ. ಆದರೆ ಅದೇ ಹೊತ್ತಿಗೆ ಅಲ್ಲಿ ದಶೈಂ, ಹದಿನೈದು ದಿನದ ದೊಡ್ಡ ಹಬ್ಬ. ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ, ಗೈಡುಗಳು, ಪೋರ್ಟರುಗಳು ತಮ್ಮ ತಮ್ಮ ಊರಿಗೆ ಹೋಗಿರುತ್ತಾರೆ. ದೀಪಾವಳಿ ಮುಗಿಸಿಕೊಂಡು ಹೊರಡುವುದು ಎಲ್ಲ ರೀತಿಯಲ್ಲೂ ವಾಸಿ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. 2024ರ ಜುಲೈನಲ್ಲಿ ಇದೇ ತ್ರಿಶೂಲಿ ದಂಡೆಯ ಸಿಮಲ್ತಾಲ್ ಎಂಬಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ನದಿಗೆ ಹೋದವು.

ನಮಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವ ದೊಡ್ಡವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು. ಆಧಾರ್ ನಂಬಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ರೈಲಿನಲ್ಲಾದರೆ ಯಶವಂತಪುರದಿಂದ ಗೋರಖ್‌ಪುರ, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ ಗಡಿ, ಗಡಿ ದಾಟಿ ಬುಟ್‌ವಲ್, ತಾನ್ಸೇನ್ ಮೇಲಿಂದ ನೇರ ಪೊಖರಾ. ಖರ್ಚು ಕಡಿಮೆ, ಸೊಂಟಕ್ಕೆ ಕೆಲಸ ಜಾಸ್ತಿ. ನಮ್ಮ 1 ರೂಪಾಯಿಗೆ ಅವರ 1 ರೂಪಾಯಿ 60 ಪೈಸೆ. 1993ರಿಂದ ಈ ದರ ಬದಲಾಗಿಲ್ಲ. 100ರ ನೋಟುಗಳನ್ನೇ ಒಯ್ಯಿರಿ, ಪೊಖರಾದಲ್ಲಿ ಬದಲಾಯಿಸಿಕೊಳ್ಳಿ. ಬೆಟ್ಟದ ಮೇಲೆ ನಡೆಯುವುದು ನಗದು ಮಾತ್ರ. ಗಡಿಯಾರವನ್ನು 15 ನಿಮಿಷ ಮುಂದಿಡಿ.

ಯಾವ ಬೆಟ್ಟ

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಅನ್ನಪೂರ್ಣಾ ಬೇಸ್ ಕ್ಯಾಂಪ್. ಎತ್ತರ 4,130 ಮೀಟರ್. ಎವರೆಸ್ಟ್ ಕಡೆಯ ಹೆಸರು ದೊಡ್ಡದು, ನಿಜ. ಆದರೆ ಅಲ್ಲಿಗೆ ದಿನವೂ ಜಾಸ್ತಿ ಬೇಕು, ನಡಿಗೆ ಶುರುವಾಗುವ ಲುಕ್ಲಾದ ವಿಮಾನ ಹಾರುತ್ತದೋ ಇಲ್ಲವೋ ಅಂತ ಮೋಡ ನೋಡುತ್ತಾ ಕೂರಬೇಕು. ಅನ್ನಪೂರ್ಣೆಗೆ ಪೊಖರಾದಿಂದ ಜೀಪು ಹತ್ತಿದರೆ ಅದೇ ದಿನ ನಡಿಗೆ ಶುರು. ಆ ಪ್ರದೇಶದ ಪ್ರವೇಶ ಪರವಾನಗಿಗೆ ಸಾರ್ಕ್ ದೇಶದವರಾದ ನಮಗೆ 1,000 ನೇಪಾಳಿ ರೂಪಾಯಿ. ಬೇರೆ ವಿದೇಶಿಯರು ಕೊಡುವುದು 3,000. 2023ರ ಏಪ್ರಿಲ್‌ನಿಂದ ಗೈಡ್ ಇಲ್ಲದೆ ಹೋಗುವಂತಿಲ್ಲ ಅನ್ನುವ ನಿಯಮ ಬಂದಿದೆ. ನಿಯಮ ಇರಲಿ ಬಿಡಲಿ, ಗೈಡ್ ಇಟ್ಟುಕೊಳ್ಳಿ. ಇಬ್ಬರಿಗೆ ಒಬ್ಬ ಪೋರ್ಟರ್ ಸಾಕು. ಇಬ್ಬರ ಸಾಮಾನು ಸೇರಿ 20 ಕೆಜಿ ಮೀರದಂತೆ ಕಟ್ಟಿ. ಹೊರುವವರಿಗೂ ಒಳ್ಳೆಯ ಬೂಟು, ಬೆಚ್ಚನೆ ಜಾಕೆಟ್ ಇದೆಯೇ ಅಂತ ಹೊರಡುವ ಮೊದಲೇ ನೋಡಿ. ಅವರನ್ನು 'ದಾಯಿ' ಅಂತ ಕರೆದರೆ ಸಾಕು, ಅಣ್ಣ ಅಂದ ಹಾಗೆ.

ತಯಾರಿಗೆ ಜಿಮ್ ಬೇಡ, ಚಾಮುಂಡಿ ಬೆಟ್ಟ ಸಾಕು. ಎರಡು ತಿಂಗಳು ಮುಂಚಿನಿಂದ ವಾರಕ್ಕೆ ಮೂರು ಸಲ, ಬೆನ್ನಿಗೆ ಐದಾರು ಕೆಜಿ ಚೀಲ ಹಾಕಿಕೊಂಡು ಸಾವಿರ ಮೆಟ್ಟಿಲು ಹತ್ತಿ. ಹತ್ತಿದ ಮೇಲೆ ಬಸ್ಸಿನಲ್ಲಿ ಇಳಿದು ಬರಬೇಡಿ. ಇಳಿಯುವಾಗ ಮಂಡಿ ಕಲಿಯುವ ಪಾಠವೇ ಬೇರೆ. ಅಲ್ಲಿಯ ದಾರಿಯೂ ಬಹುಪಾಲು ಕಲ್ಲಿನ ಮೆಟ್ಟಿಲೇ. ಆಮೇಲೆ ಒಮ್ಮೆ ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಿ ಬಂದರೆ ನಿಮ್ಮ ಬೂಟು ಎಲ್ಲಿ ಕಚ್ಚುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಡೌನ್ ಜಾಕೆಟ್, ಸ್ಲೀಪಿಂಗ್ ಬ್ಯಾಗ್, ಊರುಗೋಲು ಎಲ್ಲ ಪೊಖರಾದ ಲೇಕ್‌ಸೈಡ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಬೂಟು ಮಾತ್ರ ನಿಮ್ಮದೇ ಇರಲಿ, ಅದೂ ಹಳೆಯದು.

ಎತ್ತರದ ಲೆಕ್ಕ

ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ನನ್ನ ಕಸುಬಿನ ವಿಷಯ. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ಈ ಚಾರಣದಲ್ಲಿ ನೀವು ರಾತ್ರಿ ತಂಗುವ ಛೋಮ್ರೋಂಗ್ ಊರೇ ಸುಮಾರು 2,170 ಮೀಟರ್‌ನಲ್ಲಿದೆ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಎತ್ತರಕ್ಕೂ ನಾಳೆ ಮಲಗುವ ಎತ್ತರಕ್ಕೂ 500 ಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಹಗಲು ಎಷ್ಟು ಹತ್ತಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದೇ ಮುಖ್ಯ.

ಈಗ ದಾರಿ ನೋಡಿ. ಮೊದಲ ದಿನ ಜೀಪಿನಲ್ಲಿ ಘಾಂದ್ರುಕ್. ಗುರುಂಗ್ ಜನರ ಊರು, ಕಲ್ಲಿನ ಮನೆಗಳು, ಎದುರಿಗೇ ಅನ್ನಪೂರ್ಣಾ ದಕ್ಷಿಣ ಶಿಖರ. ಎರಡನೇ ದಿನ ಛೋಮ್ರೋಂಗ್. ಮೂರನೇ ದಿನ ಛೋಮ್ರೋಂಗ್‌ನಿಂದ ಹಳ್ಳದವರೆಗೆ ಇಳಿದು, ಮತ್ತೆ ಸಿನುವಾಕ್ಕೆ ಏರಿ, ಬಿದಿರು ಕಾಡಿನಲ್ಲಿ ಬಾಂಬೂ ಅಥವಾ ದೋವಾನ್. ನಾಲ್ಕನೇ ದಿನ ದೇವರಾಲಿ, ಸುಮಾರು 3,230 ಮೀಟರ್. ಐದನೇ ದಿನ ಹೆಚ್ಚಿನವರು ನೇರ ಬೇಸ್ ಕ್ಯಾಂಪಿಗೆ ಹೋಗಿ ಮಲಗುತ್ತಾರೆ, ಅಂದರೆ ಒಂದೇ ದಿನಕ್ಕೆ 900 ಮೀಟರ್. ರಾತ್ರಿ ತಲೆ ಹಿಡಿದುಕೊಂಡು ಕೂತವರು ಬಹುಪಾಲು ಇವರೇ. ನೀವು 3,700 ಮೀಟರ್‌ನ ಮಚ್ಛಾಪುಚ್ಛ್ರೆ ಬೇಸ್ ಕ್ಯಾಂಪಿನಲ್ಲೇ ನಿಂತುಬಿಡಿ. ಮಧ್ಯಾಹ್ನವೇ ತಲುಪಿ ಬಿಸಿಲಿಗೆ ಕೂರಿ. ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಹೆಡ್‌ಲ್ಯಾಂಪ್ ಕಟ್ಟಿಕೊಂಡು ಹೊರಟರೆ ಸೂರ್ಯನ ಬೆಳಕು 8,091 ಮೀಟರ್‌ನ ಅನ್ನಪೂರ್ಣೆಗೆ ತಾಗುವ ಹೊತ್ತಿಗೆ ಅಲ್ಲಿರುತ್ತೀರಿ. ನೋಡಿ, ಚಹಾ ಕುಡಿದು, ಅದೇ ದಿನ ಕೆಳಗೆ ಬಾಂಬೂವರೆಗೆ ಇಳಿದುಬಿಡಬಹುದು.

ದೇವರಾಲಿಯ ಆಸುಪಾಸು ಹಿಮಪಾತದ ಜಾಗ. 2020ರ ಜನವರಿಯಲ್ಲಿ ಅಲ್ಲಿ ನಾಲ್ವರು ಕೊರಿಯನ್ನರೂ ಮೂವರು ನೇಪಾಳಿಗಳೂ ಹಿಮದಡಿ ಸಿಕ್ಕಿ ಸತ್ತರು. ಹೊಸ ಹಿಮ ಬಿದ್ದಿದ್ದರೆ ಗೈಡ್ ಬೇಡ ಅಂದ ಮೇಲೆ ಮುಗಿಯಿತು, ವಾದ ಮಾಡಬೇಡಿ.

ತಲೆನೋವಿನ ಜೊತೆ ವಾಕರಿಕೆ, ಊಟ ಬೇಡ ಅನಿಸುವುದು, ತಲೆ ಸುತ್ತು ಸೇರಿಕೊಂಡರೆ ಅದನ್ನು ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ನೆಲದ ಮೇಲೆ ಗೆರೆ ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸುತ್ತಾ ಅದರ ಮೇಲೆ ನಡೆಸಿ ನೋಡಿ. ತೂರಾಡಿದರೆ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಬಂದರೆ ರಾತ್ರಿಯಾಗಿದ್ದರೂ ಇಳಿಸಲೇಬೇಕು. ಡಯಾಮಾಕ್ಸ್ ಮಾತ್ರೆ ಇದೆಯಲ್ಲ ಅನ್ನುತ್ತೀರಿ. ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ. ಬೆರಳು ಜುಮುಜುಮು ಅನ್ನುತ್ತದೆ, ಮೂತ್ರ ಜಾಸ್ತಿಯಾಗುತ್ತದೆ. ಸಲ್ಫಾ ಅಲರ್ಜಿ ಇರುವವರು, ಕಿಡ್ನಿ ತೊಂದರೆ ಇರುವವರು ವೈದ್ಯರಿಗೆ ಹೇಳದೆ ಮುಟ್ಟಬಾರದು. ಚೀಟಿ ಇಲ್ಲದೆ ನಾನಂತೂ ಕೊಡುವುದಿಲ್ಲ. ನಿದ್ದೆ ಮಾತ್ರೆ, ಮದ್ಯ ಎರಡೂ ಮೇಲೆ ಬೇಡ.

ಸಕ್ಕರೆ ಕಾಯಿಲೆಯವರು ಹೋಗಬಾರದು ಅಂತೇನಿಲ್ಲ, ವೈದ್ಯರು ಒಪ್ಪಿದರೆ ಹೋಗಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಹಗಲು ಒಳಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಮೈಗೆ ಒತ್ತಿಕೊಂಡು ಇಟ್ಟುಕೊಳ್ಳಿ. ಗ್ಲೂಕೋಮೀಟರ್ ಕೂಡ ಚಳಿಗೆ ತಪ್ಪು ಲೆಕ್ಕ ಹೇಳುತ್ತದೆ, ಅದನ್ನೂ ಬೆಚ್ಚಗಿಡಿ.

ಊಟದ ಚಿಂತೆ ಬೇಡ. ಲಾಡ್ಜುಗಳಲ್ಲಿ ದಾಲ್ ಭಾತ್ ತೆಗೆದುಕೊಂಡರೆ ಅನ್ನ, ಬೇಳೆ, ಪಲ್ಯ ಸಾಕು ಅನ್ನುವವರೆಗೆ ಬಡಿಸುತ್ತಾರೆ. ನಾಲ್ಕನೇ ದಿನಕ್ಕೆ ನಾಲಿಗೆ ಸಪ್ಪೆಯಾಗುವುದು ಖಂಡಿತ. ಒಂದು ಡಬ್ಬಿ ಚಟ್ನಿಪುಡಿ ಇದ್ದರೆ ಸಾಕು, ಎದುರಿಗೆ ಕೂತ ಜರ್ಮನಿಯವರೂ ಕೈಚಾಚುತ್ತಾರೆ. ಸ್ಟವ್ ಒಯ್ದು ಕೋಣೆಯಲ್ಲಿ ಅಡುಗೆ ಮಾಡುವ ಯೋಚನೆ ಬೇಡ. ಊಟ ಅಲ್ಲೇ ಮಾಡುತ್ತೀರಿ ಅನ್ನುವ ಲೆಕ್ಕದಲ್ಲೇ ಅವರು ಕೋಣೆಯನ್ನು ಅಗ್ಗಕ್ಕೆ ಕೊಡುವುದು. ಬಿಸಿನೀರು, ಫೋನ್ ಚಾರ್ಜ್, ವೈಫೈಗೆ ಬೇರೆ ದುಡ್ಡು, ಮೇಲೆ ಹೋದಷ್ಟೂ ಜಾಸ್ತಿ. ವಾಪಸ್ ಬರುವಾಗ ಛೋಮ್ರೋಂಗ್ ಮೆಟ್ಟಿಲುಗಳನ್ನು ಇನ್ನೊಂದು ಸಲ ಹತ್ತಬೇಕು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಅದಾದ ಮೇಲೆ ಝೀನು ಡಾಂಡಾ ಸಿಗುತ್ತದೆ, ಅಲ್ಲಿಂದ ಸ್ವಲ್ಪ ಕೆಳಗೆ ನದಿಯ ಪಕ್ಕ ಬಿಸಿನೀರಿನ ಕೊಳಗಳು. ಮಂಡಿ ಮುಳುಗಿಸಿ ಕೂರಿ.

ಪೊಖರಾದಲ್ಲಿ ಒಂದು ದಿನ ಬಟ್ಟೆ ಒಗೆಸಿಕೊಳ್ಳಲು ಬೇಕು. ಆಸೆ ಇದ್ದವರು ಹತ್ತಿರದ ಗುಡ್ಡದಿಂದ ಪ್ಯಾರಾಗ್ಲೈಡಿಂಗ್ ಮಾಡಬಹುದು, ಪೈಲಟ್ ಜೊತೆಗೇ ಇರುತ್ತಾರೆ. ನಮ್ಮೆಜಮಾನರು ಫೇವಾ ಸರೋವರದ ದಂಡೆಯಲ್ಲಿ ಕಾಫಿ ಕುಡಿಯುತ್ತಾ ಮೇಲೆ ನೋಡಿದರು, ಅಷ್ಟೇ.

ಯಾವ ನದಿ

ನೀರಿನ ರಭಸ ನೋಡಿ ನದಿಗಳನ್ನು 1ರಿಂದ 6ರವರೆಗೆ ದರ್ಜೆ ಮಾಡಿದ್ದಾರೆ. ಮೊದಲ ಸಲಕ್ಕೆ 3 ಸಾಕು. ತ್ರಿಶೂಲಿ ಆ ಮಟ್ಟದ್ದು. ದಾಂಡೇಲಿಯ ಕಾಳಿಯಲ್ಲಿ ಒಮ್ಮೆ ಹುಟ್ಟು ಹಿಡಿದಿದ್ದರೆ ಧೈರ್ಯವಾಗಿ ಇಳಿಯಬಹುದು. ಭೋಟೆ ಕೋಶಿ ಕಡಿದಾದದ್ದು, 4-5ರ ದರ್ಜೆ, ಹೊಸಬರಿಗಲ್ಲ. ಕಾಳಿ ಗಂಡಕಿಯಲ್ಲಿ ಮೂರು ದಿನದ ಯಾನವಿದೆ, ರಾತ್ರಿ ಮರಳಿನ ಮೇಲೆ ಡೇರೆ. ಸಾಲಿಗ್ರಾಮ ಸಿಗುವ ಗಂಡಕಿ ಅದೇ ಅಂತ ಗೊತ್ತಾದ ಕೂಡಲೇ ನಮ್ಮತ್ತೆ ನನ್ನನ್ನು ರಾಫ್ಟಿಂಗಿಗೆ ಕಳಿಸಲು ತಾವೇ ಮುಂದಾದರು. ಸುನ್ ಕೋಶಿ ದೋಲಾಲ್‌ಘಾಟ್‌ನಿಂದ ಚತರಾವರೆಗೆ ಸುಮಾರು 270 ಕಿಲೋಮೀಟರ್, ಒಂದು ವಾರಕ್ಕೂ ಮೇಲೆ ಬೇಕು. ಅದು ಇನ್ನೊಂದು ಪ್ರವಾಸಕ್ಕಿರಲಿ.

ತ್ರಿಶೂಲಿಯಲ್ಲಿ ರಾಫ್ಟ್ ಹತ್ತುವುದು ಸಾಮಾನ್ಯವಾಗಿ ಚರೌದಿ ಹತ್ತಿರ, ಅಲ್ಲಿಂದ ಕೆಳಗೆ ಕುರಿಂತಾರ್ ಕಡೆಗೆ. ಪೊಖರಾದಿಂದ ಬರುವಾಗ ಕುರಿಂತಾರ್ ಮೊದಲು ಸಿಗುತ್ತದೆ. ಮನಕಾಮನಾಕ್ಕೆ ಹೋಗುವ ಕೇಬಲ್ ಕಾರ್ ಇರುವುದೂ ಅಲ್ಲೇ. 1998ರಲ್ಲಿ ಶುರುವಾದದ್ದು, ನೇಪಾಳದಲ್ಲೇ ಮೊದಲನೆಯದು. ನೀರಿಗಿಳಿಯದವರನ್ನು ಅಲ್ಲಿ ಇಳಿಸಿ ದೇವಿಯ ದರ್ಶನಕ್ಕೆ ಕಳಿಸಿ, ಉಳಿದವರು ಚರೌದಿಗೆ ಹೋಗಿ ರಾಫ್ಟ್ ಹತ್ತಿ. ಇಬ್ಬರ ಕೆಲಸವೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಮುಗಿಯುತ್ತದೆ, ಮನೆಯಲ್ಲಿ ಜಗಳವಿಲ್ಲ.

ದುಡ್ಡು ಕೊಡುವ ಮುಂಚೆ ಕೇಳಿ: ಒಂದೇ ರಾಫ್ಟ್ ಹೋಗುತ್ತದೋ, ಜೊತೆಗೆ ಇನ್ನೊಂದು ಇರುತ್ತದೋ? ಪಕ್ಕದಲ್ಲಿ ಸೇಫ್ಟಿ ಕಯಾಕ್, ಅಂದರೆ ನೀರಿಗೆ ಬಿದ್ದವರನ್ನು ಹಿಡಿಯುವ ಪುಟ್ಟ ದೋಣಿ, ಬರುತ್ತದೋ? ಗೈಡ್ ಹತ್ತಿರ ಎಸೆಯುವ ಹಗ್ಗದ ಚೀಲ ಇದೆಯೋ? ಹೆಲ್ಮೆಟ್ ಎಲ್ಲರಿಗೂ ಉಂಟೋ? ತಡವರಿಸಿದರೆ ಪಕ್ಕದ ಅಂಗಡಿಗೆ ನಡೆಯಿರಿ. ಲೈಫ್ ಜಾಕೆಟ್ ಕಟ್ಟಿದ ಮೇಲೆ ಇನ್ನೊಬ್ಬರಿಂದ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ. ಕಿವಿಯವರೆಗೆ ಬಂದರೆ ಸಡಿಲವಿದೆ, ಬಿಗಿ ಮಾಡಿಸಿ. ಜೀನ್ಸ್, ಹತ್ತಿ ಪ್ಯಾಂಟು, ದುಪಟ್ಟಾ ಬೇಡ. ನೈಲಾನ್ ಬಟ್ಟೆ ಹಾಕಿ. ಹೆಂಗಸರು ಮಾಂಗಲ್ಯದ ಉದ್ದ ಸರ, ಬಳೆ ಬಿಚ್ಚಿಡಿ. ಜಾಕೆಟ್ಟಿನ ಪಟ್ಟಿಗೆ ಸಿಕ್ಕಿಕೊಂಡರೆ ಕುತ್ತಿಗೆಗೆ ಕುತ್ತು. ಮನಸ್ಸು ಒಪ್ಪದಿದ್ದರೆ ಅರಿಶಿನ ಕೊಂಬು ಕಟ್ಟಿದ ಗಿಡ್ಡ ದಾರ ಸಾಕು, ನಮ್ಮ ನಾದಿನಿ ಹಾಗೇ ಮಾಡುವುದು. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿ.

ಹುಟ್ಟಿನ ತುದಿಯ ಹಿಡಿಯನ್ನು ಅಂಗೈ ಯಾವಾಗಲೂ ಮುಚ್ಚಿರಲಿ. ಬಿಟ್ಟರೆ ಪಕ್ಕದವರ ಹಲ್ಲು ಹೋಗುತ್ತದೆ. ನೀರಿಗೆ ಬಿದ್ದರೆ ಅಂಗಾತ ಮಲಗಿ, ಕಾಲು ಹರಿವಿನ ಮುಂದಕ್ಕೆ, ಕಾಲ್ಬೆರಳು ನೀರಿನ ಮೇಲೆ ಕಾಣುವ ಹಾಗೆ. ಮೊಣಕಾಲಿನ ಆಳವೇ ಇದ್ದರೂ ಹರಿಯುವ ನೀರಿನಲ್ಲಿ ಎದ್ದು ನಿಲ್ಲಬೇಡಿ. ಬಂಡೆ ಸಂದಿಯಲ್ಲಿ ಪಾದ ಸಿಕ್ಕಿದರೆ ಹಿಂದಿನಿಂದ ಬರುವ ನೀರು ಮುಖವನ್ನು ಒಳಕ್ಕೆ ಒತ್ತಿಬಿಡುತ್ತದೆ. ರಾಫ್ಟ್ ಅಡಿ ಸಿಕ್ಕಿಕೊಂಡರೆ ಕೈಯಿಂದ ಅದರ ತಳವನ್ನು ತಳ್ಳುತ್ತಾ ಒಂದೇ ದಿಕ್ಕಿಗೆ ಸರಿಯಿರಿ. ಈಜು ಬಾರದವರೂ ಇಷ್ಟನ್ನು ಮಾಡಬಲ್ಲರು. ಮುಗಿದ ಮೇಲೆ ಮೊದಲು ಕಿವಿ ಒರೆಸಿ, ಆಮೇಲೆ ಸೆಲ್ಫಿ.

ಅಂದು ರಾತ್ರಿ ನದಿ ದಂಡೆಯ ಕ್ಯಾಂಪಿನಲ್ಲೇ ಉಳಿದು ಬೆಳಿಗ್ಗೆ ಕಾಠ್ಮಂಡುವಿಗೆ ಹೊರಡಿ. ನಾಗ್‌ಢುಂಗಾ ಹತ್ತಿರ ಲಾರಿಗಳು ಸಾಲುಗಟ್ಟಿ ನಿಂತರೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಡ್ರೈವರಿಗೂ ಹೇಳಲಾಗುವುದಿಲ್ಲ. ಅದೇ ದಿನದ ವಿಮಾನಕ್ಕೆ ಟಿಕೆಟ್ ತೆಗೆಯಬೇಡಿ, ಒಂದು ಪೂರ್ತಿ ದಿನ ಬಿಡಿ. ಆ ದಿನಕ್ಕೆ ಪಶುಪತಿನಾಥ ಇದ್ದೇ ಇದೆ. ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ದಕ್ಷಿಣದವರು, ನಮ್ಮ ಕರಾವಳಿ ಕಡೆಯವರೂ ಇದ್ದಾರೆ. ಚರ್ಮದ ಬೆಲ್ಟು, ಪರ್ಸು ಮಾತ್ರ ಹೋಟೆಲಿನಲ್ಲೇ ಬಿಟ್ಟು ಹೋಗಿ.