ಚೌಕ ಪೈಪು ಬಗ್ಗಿಸುವ ಮುನ್ನ ಒಂದು ಲೆಕ್ಕ

ಟೀಪಾಯಿಗೆ ಕಾಲು ಮಾಡಲೆಂದು ಒಂದು ಇಂಚಿನ ಚೌಕ ಪೈಪು ತಂದಿದ್ದೆ. ಹಿತ್ತಲಿನ ಬೇವಿನ ಮರದ ಕವಲಿಗೆ ಅದನ್ನು ಸಿಕ್ಕಿಸಿ, ಮೈಭಾರವೆಲ್ಲ ಹಾಕಿ ಎಳೆದೆ. ಸ್ವಲ್ಪ ದೂರ ಸೊಗಸಾಗಿಯೇ ಬಾಗಿತು. ಆಮೇಲೆ ‘ಟಕ್’ ಎಂದು ಒಳಬದಿ ಕುಸಿದು, ಎರಡೂ ಪಕ್ಕಗಳು ಕಪ್ಪೆಯ ಗಂಟಲಿನಂತೆ ಉಬ್ಬಿದವು. ಆ ಪೈಪು ಈಗ ಅವರೆ ಬಳ್ಳಿಗೆ ಆಸರೆಯಾಗಿ ನಿಂತಿದೆ. ಅದನ್ನು ನೋಡಿದ ಹುಬ್ಬಳ್ಳಿಯ ವೆಲ್ಡಿಂಗ್ ಅಂಗಡಿಯವರೊಬ್ಬರು, ‘ಸರ್, ಇದು ದುಂಡು ಪೈಪಲ್ಲ’ ಎಂದಷ್ಟೇ ಹೇಳಿ ನಕ್ಕರು.

ಅವರು ನಕ್ಕದ್ದು ಸರಿಯೇ. ಪೈಪು ಬಾಗುವಾಗ ಹೊರಬದಿಯ ತಗಡು ಹಿಗ್ಗಬೇಕು, ಒಳಬದಿಯದು ಕುಗ್ಗಬೇಕು. ದುಂಡು ಪೈಪಿಗೆ ಅದರ ಬಾಗಿದ ಗೋಡೆಯೇ ಬಲ. ಚೌಕ ಪೈಪಿನ ಚಪ್ಪಟೆ ಗೋಡೆಗೆ ಆ ಆಸರೆಯಿಲ್ಲ. 25 ಮಿ.ಮೀ. ಪೈಪನ್ನು 90 ಡಿಗ್ರಿ ಬಾಗಿಸಿದರೆ ಹೊರಬದಿಗಿಂತ ಒಳಬದಿ ಸುಮಾರು 39 ಮಿ.ಮೀ. ಗಿಡ್ಡವಾಗಬೇಕಾಗುತ್ತದೆ. ಮಿಕ್ಕ ತಗಡು ಎಲ್ಲಿಗೆ ಹೋಗಬೇಕು? ಅದನ್ನು ಮೊದಲೇ ಕತ್ತರಿಸಿ ತೆಗೆಯಬಹುದು, ಪೈಪಿನ ಒಳಕ್ಕೆ ತಳ್ಳಬಹುದು, ಇಲ್ಲವೇ ಉದ್ದಕ್ಕೂ ಹಂಚಬಹುದು. ನಾವು ಜಾಗ ತೋರಿಸದಿದ್ದರೆ ಅದು ನನ್ನ ಬೇವಿನ ಮರದಲ್ಲಿ ಮಾಡಿದ್ದನ್ನೇ ಮಾಡುತ್ತದೆ.

ಪೈಪು ಕೊಳ್ಳುವಾಗಲೇ ಎಚ್ಚರವಿರಲಿ. ಮನೆಯ ಪೀಠೋಪಕರಣಕ್ಕೆ 25×25 ಮಿ.ಮೀ. ಅಳತೆಯ, 1.6 ಮಿ.ಮೀ. ದಪ್ಪದ ಪೈಪು ಸಾಕು. 6 ಮೀಟರ್ ಉದ್ದದ ಅಂಥ ಪೈಪು ಹೆಚ್ಚುಕಡಿಮೆ 7 ಕಿಲೋ ತೂಗುತ್ತದೆ. ತಕ್ಕಡಿ ಐದೂವರೆ ಕಿಲೋ ತೋರಿಸಿದರೆ ಅದು 1.2 ಮಿ.ಮೀ. ದಪ್ಪದ್ದೆಂದು ತಿಳಿಯಿರಿ. ವೆಲ್ಡಿಂಗ್ ಕೈ ಪಳಗದವರಿಗೆ ಅದು ಬೇಡ, ರಾಡ್ ತಾಗಿಸಿದಲ್ಲೆಲ್ಲ ತೂತು ಬೀಳುತ್ತದೆ. ಸತು ಲೇಪಿಸಿದ ಜಿ.ಐ. ಪೈಪೂ ಬೇಡ. ಕಾಯಿಸಿದಾಗ ಏಳುವ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬಂದೀತು.

ಮೊದಲ ಸಲ ಮಾಡುವವರಿಗೆ ಕತ್ತರಿಸಿ ಮಡಚುವ ವಿಧಾನವೇ ಒಳ್ಳೆಯದು. 60 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ಕಾಲಿನ ಚೌಕಟ್ಟಿಗೆ 150 ಸೆಂ.ಮೀ. ಪೈಪು ಬೇಕು. ಒಂದು ತುದಿಯಿಂದ 45 ಮತ್ತು 105 ಸೆಂ.ಮೀ.ಗಳಲ್ಲಿ ನಾಲ್ಕೂ ಮುಖಗಳ ಸುತ್ತ ಗೆರೆ ಎಳೆಯಿರಿ. ಮಡಚಿದಾಗ ಒಳಗೆ ಬರುವ ಮುಖದಲ್ಲಿ ಗೆರೆಯ ಎರಡೂ ಬದಿಗೆ 23.4 ಮಿ.ಮೀ. ಗುರುತು ಮಾಡಿ, ಪೈಪಿನ ಅಳತೆಯಲ್ಲಿ ಒಂದು ಗೋಡೆಯ ದಪ್ಪ ಕಳೆದರೆ ಬರುವ ಸಂಖ್ಯೆ ಅದು. ಆ ಗುರುತುಗಳಿಂದ ಪಕ್ಕದ ಮುಖಗಳ ಮೇಲೆ ಓರೆಗೆರೆ ಎಳೆದು ಹೊರಗೋಡೆಯ ಹತ್ತಿರ ಕೂಡಿಸಿದರೆ ಒಂದು ತ್ರಿಕೋನವಾಗುತ್ತದೆ. ತೆಳುವಾದ ಕಟಿಂಗ್ ಚಕ್ರದಿಂದ ಆ ತ್ರಿಕೋನವನ್ನು ತೆಗೆಯಿರಿ. ಹೊರಗೋಡೆಗೆ ಮಾತ್ರ ಚಕ್ರ ತಾಗಬಾರದು, ಆ ಒಂದು ತಗಡೇ ಇಲ್ಲಿ ಕೀಲು. ಕಣ್ಣಿಗೆ ಕನ್ನಡಕವಿರಲಿ, ಯಂತ್ರದ ಕವಚವನ್ನು ಬಿಚ್ಚಬೇಡಿ.

ಈಗ ಪೈಪು ಕೈಯಲ್ಲೇ ಮಡಚಿಕೊಳ್ಳುತ್ತದೆ. ಅಂಚುಗಳು ಕೂಡದಿದ್ದರೆ ಸುತ್ತಿಗೆ ಎತ್ತಬೇಡಿ, ಅರ ಹಾಕಿ. ಮೂಲೆಮಟ್ಟ (ನಮ್ಮ ಕಡೆಯ ಮೇಸ್ತ್ರಿಗಳ ಗುಣ್ಯಾ) ಹಿಡಿದು ನೋಡಿ, ಎರಡೂ ಪಕ್ಕಕ್ಕೆ ಒಂದೊಂದು ಚುಕ್ಕಿ ವೆಲ್ಡ್ ಹಾಕಿ, ಮತ್ತೆ ಗುಣ್ಯಾ ಹಿಡಿಯಿರಿ. ಒಳಮೂಲೆಯ ಬೆಸುಗೆ ಆರುವಾಗ ಕೋನವನ್ನು ಒಳಕ್ಕೆ ಎಳೆಯುತ್ತದೆ. ಅದಕ್ಕೇ ಮೊದಲು ಕೋನವನ್ನು ಕೂದಲೆಳೆಯಷ್ಟು ಅಗಲವಾಗಿಯೇ ಇಟ್ಟು, ಎರಡು ಕಾಲುಗಳ ನಡುವೆ ಒಂದು ಪಟ್ಟಿಯನ್ನು ತಾತ್ಕಾಲಿಕವಾಗಿ ಬೆಸೆದುಕೊಳ್ಳುವುದು ಒಳ್ಳೆಯದು. ನಾನು ಇದನ್ನು ಕಲಿತದ್ದು ಒಂದು ಜೊತೆ ಕಾಲು ಗಂಟು ಹಾಕಿಕೊಂಡಂತೆ ಸೊಟ್ಟಗಾದ ಮೇಲೆ.

ಚೂಪು ಮೂಲೆ ಬೇಡ, ಕುರ್ಚಿಯ ಬೆನ್ನಿನಂತೆ ಬಳುಕು ಬೇಕು ಎಂದರೆ ಒಂದು ದೊಡ್ಡ ತ್ರಿಕೋನದ ಬದಲು ಸಾಲಾಗಿ ಸೀಳುಗಳನ್ನು ಹಾಕಬೇಕು. ನನಗೆ ಇಡೀ ಕೆಲಸದಲ್ಲಿ ಅತ್ಯಂತ ರುಚಿಸಿದ ಲೆಕ್ಕ ಇಲ್ಲಿದೆ. ಸೀಳು ಹೊರಗೋಡೆಯ ಒಳಮೈವರೆಗೆ ಮಾತ್ರ ಹೋಗುವುದರಿಂದ 90 ಡಿಗ್ರಿಗೆ ತೆಗೆಯಬೇಕಾದ ತಗಡು 23.4×1.57 (ಪೈ, ಅಂದರೆ 3.14ರ ಅರ್ಧ), ಅಂದರೆ ಸುಮಾರು 37 ಮಿ.ಮೀ. ಒಂದೊಂದು ಸೀಳು 3 ಮಿ.ಮೀ. ಅಗಲವಿದ್ದರೆ ಹನ್ನೆರಡು ಸೀಳು ಸಾಕು. ಬಳುಕು ಸಣ್ಣದಿರಲಿ ದೊಡ್ಡದಿರಲಿ, 90 ಡಿಗ್ರಿಗೆ ಹನ್ನೆರಡೇ! ಬದಲಾಗುವುದು ನಡುವಿನ ಅಂತರ ಮಾತ್ರ. ಹೊರ ತ್ರಿಜ್ಯ 20 ಸೆಂ.ಮೀ. ಆದರೆ 26 ಮಿ.ಮೀ.ಗೊಂದು ಸೀಳು, 40 ಸೆಂ.ಮೀ. ಆದರೆ 52 ಮಿ.ಮೀ.ಗೊಂದು. ತೆಳು ಚಕ್ರ ಎರಡು ಸಲ ಓಡಿದರೆ ಎಷ್ಟು ಅಗಲ ಸೀಳುತ್ತದೆ ಎಂಬುದನ್ನು ತುಂಡು ಪೈಪಿನ ಮೇಲೆ ಮೊದಲು ಅಳೆದುಕೊಳ್ಳಿ.

ಬಗ್ಗಿಸಿದ ಮೇಲೆ ಹನ್ನೆರಡು ಸೀಳುಗಳ ಮೂರೂ ಮುಖಗಳನ್ನು ಬೆಸೆಯಬೇಕು, ಉಜ್ಜಬೇಕು. ಒಂದು ಮಧ್ಯಾಹ್ನ ಹೋಗುತ್ತದೆ. ತೂಗುಕುರ್ಚಿಯಂಥ ಜೀವಭಾರ ಹೊರುವ ವಸ್ತುವಿಗೆ ಹೊಸಬರ ಈ ಬೆಸುಗೆಯನ್ನು ನಾನು ನಂಬುವುದಿಲ್ಲ.

ಕೆಲವು ಕುರ್ಚಿಗಳ ಚೌಕ ಪೈಪಿನ ತಿರುವಿನ ಒಳಬದಿಗೆ ಬೆರಳಾಡಿಸಿ ನೋಡಿ, ಒಂದು ಹಳ್ಳ ಸಿಗುತ್ತದೆ. ಅದು ದೋಷವಲ್ಲ. ಪೈಪು ಬಗ್ಗಿಸುವ ಅಚ್ಚಿನ ನಡುವೆ ಉಬ್ಬುಗೆರೆಯಿದ್ದು, ಅದೇ ಒಳಗೋಡೆಯನ್ನು ಬೇಕೆಂದೇ ಒಳಕ್ಕೆ ತಳ್ಳಿರುತ್ತದೆ. ಬಾಗಿದ ಉಕ್ಕಿನ ಅಚ್ಚಿನ ಬೆನ್ನಿನ ಮೇಲೆ 8 ಮಿ.ಮೀ. ಸರಳು ಬೆಸೆದು, ಜಾಕ್‌ನಿಂದ ಪೈಪನ್ನು ಅದಕ್ಕೆ ಒತ್ತಿದರೆ ಮನೆಯಲ್ಲೂ ಆದೀತು. ಒತ್ತಡ ಬಿಟ್ಟಾಗ ಪೈಪು ಒಂದೆರಡು ಡಿಗ್ರಿ ಹಿಂದಕ್ಕೆ ಬರುವುದರಿಂದ ತುಸು ಹೆಚ್ಚೇ ಬಗ್ಗಿಸಬೇಕು. ಹತ್ತಾರು ಕಾಲು ಮಾಡುವವರಿಗೆ ಈ ಖಟಪಟಿ ಲಾಭ, ಎರಡು ಕಾಲಿಗಲ್ಲ.

ಮರಳು ತುಂಬಿ ಕಾಯಿಸಿ ಬಗ್ಗಿಸುವ ವಿಷಯ ಬಹಳ ಜನ ಕೇಳುತ್ತಾರೆ. ಚಕ್ಕಡಿ ಗಾಲಿಗೆ ಹಳಿ ಕಾಯಿಸಿ ಹಾಕುವುದನ್ನು ನೋಡಿ ಬೆಳೆದ ನಮಗೆ ಬೆಂಕಿಯ ಮೇಲೆ ನಂಬಿಕೆ ಹೆಚ್ಚು. ಮರಳಿನಲ್ಲಿ ಚೂರು ತೇವವಿದ್ದರೂ ಉಗಿ ಕಟ್ಟಿ ತುದಿಯ ಬಿರಡೆ ಗುಂಡಿನಂತೆ ಹಾರುತ್ತದೆ. ಮನೆಯಲ್ಲಿ ಬೇಡವೇ ಬೇಡ.

ಉದ್ದನೆಯ ಹಗುರ ಬಳುಕಿಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಅಥವಾ ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಮೂರು ರೋಲರ್‌ಗಳ ಯಂತ್ರ ಯಾರಲ್ಲಿದೆ ಎಂದು ವಿಚಾರಿಸಿ. ಅವರಿಗೆ ಎರಡು ಮಾತು ಹೇಳಿ. ಪೈಪಿನ ಉದ್ದಕ್ಕೂ ಇರುವ ಬೆಸುಗೆ ಗೆರೆ ಒಳಗೋ ಹೊರಗೋ ಬರದೆ ಪಕ್ಕಕ್ಕೆ ಬರಬೇಕು. ಪಕ್ಕದ ಗೋಡೆಯ ನಡುಭಾಗದಲ್ಲಿ ಎಳೆತ ಕಡಿಮೆ. ತುದಿಗಳು ಬಾಗದೆ ನೇರವಾಗಿಯೇ ಉಳಿಯುವುದರಿಂದ ಎರಡೂ ಕಡೆ ಒಂದೊಂದು ಗೇಣು ಹೆಚ್ಚಿಗೆ ಬಿಟ್ಟು ಆಮೇಲೆ ಕತ್ತರಿಸಬೇಕು.

ಕೊನೆಗೆ ಬೆಸುಗೆಯ ಕಿಟ್ಟ ಕೆರೆದು, ಎಣ್ಣೆ ಒರೆಸಿ, ರೆಡ್ ಆಕ್ಸೈಡ್ ಹಚ್ಚಿ. ಧಾರವಾಡದ ಮಳೆಗಾಲದಲ್ಲಿ ಹೊರಗಿನ ತುಕ್ಕು ಕಣ್ಣಿಗೆ ಬೀಳುತ್ತದೆ, ಪೈಪಿನ ಒಳಗಿನದು ಬೀಳುವುದಿಲ್ಲ. ಕಾಲಿನ ತೆರೆದ ತುದಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಬಡಿಯುವ ಮೊದಲು ಒಳಗೂ ಒಂದು ಚಮಚ ಬಣ್ಣ ಸುರಿದು, ಪೈಪನ್ನು ಅತ್ತಿತ್ತ ಓಲಾಡಿಸಿ, ತಲೆಕೆಳಗಾಗಿ ಬಸಿಯಲು ಬಿಡಿ.