ಸ್ಕೋರ್‌ಶೀಟಿನಲ್ಲಿ ಕಾಣದವರನ್ನು ಹುಡುಕಿ ತಂಡ ಕಟ್ಟಿದ್ದು

ನಮ್ಮ ಬಾಸ್ಕೆಟ್‌ಬಾಲ್ ತಂಡಕ್ಕೆ ಅಂಕ ಗಳಿಸುವವರ ಕೊರತೆ ಇರಲಿಲ್ಲ. ಚೆಂಡು ಮುನ್ನಡೆಸುವ ಇಬ್ಬರು ಗಾರ್ಡ್‌ಗಳು ದೂರದಿಂದ ಚೆನ್ನಾಗಿ ಹೊಡೆಯುತ್ತಿದ್ದರು, ರಿಂಗಿನ ಹತ್ತಿರ ಆಡುವ ಎತ್ತರದ ಸೆಂಟರ್ ಕೂಡ ಪರವಾಗಿಲ್ಲ. ಆದರೂ ಪಂದ್ಯದ ಕೊನೆಯ ಐದು ನಿಮಿಷಗಳಲ್ಲಿ ಕೈ ಜಾರುತ್ತಿತ್ತು. ಡಿಫೆನ್ಸ್ ಇಪ್ಪತ್ತು ಸೆಕೆಂಡು ಜೀವ ಬಿಟ್ಟು ದುಡಿಯುತ್ತಿತ್ತು, ಎದುರಾಳಿಗಳು ಕಷ್ಟದ ಶಾಟ್ ಹೊಡೆದು ತಪ್ಪುತ್ತಿದ್ದರು, ಚೆಂಡು ರಿಂಗಿಗೆ ಬಡಿದು ಮತ್ತೆ ಅವರ ಕೈಗೇ ಸೇರುತ್ತಿತ್ತು. ಎರಡನೇ ಸಲ ಅವರು ತಪ್ಪುತ್ತಿರಲಿಲ್ಲ.

ನಮ್ಮದು ಬೆಂಗಳೂರಿನ ಲೀಗಿನಲ್ಲಿ ಕೆಳಗಿನ ಡಿವಿಷನ್‌ನಲ್ಲಿ ಆಡುವ ಒಂದು ಸಣ್ಣ ಕ್ಲಬ್. ನಾನೇ ಕೋಚ್, ನಾನೇ ಮ್ಯಾನೇಜರ್. ಆಟಗಾರರಿಗೆ ಸಂಬಳ ಕೊಡುವ ಶಕ್ತಿ ನಮಗಿಲ್ಲ. ವರ್ಷಕ್ಕೊಂದು ಜೊತೆ ಶೂ, ಓಡಾಟದ ಖರ್ಚು, ಅಭ್ಯಾಸ ಮುಗಿದ ಮೇಲೆ ಮೊಟ್ಟೆ, ಬಾಳೆಹಣ್ಣು, ಹಾಲು. ಇಷ್ಟರಲ್ಲೇ ಒಳ್ಳೆಯ ನಾಲ್ಕನೇ ನಂಬರ್ ಆಟಗಾರನನ್ನು, ಅಂದರೆ ರಿಂಗಿನ ಕೆಳಗೆ ಸೆಂಟರ್ ಜೊತೆ ದುಡಿಯುವ ಪವರ್ ಫಾರ್ವರ್ಡ್‌ನನ್ನು, ತರಬೇಕಿತ್ತು. ಹಾಗಾಗಿ ಬೇರೆ ಯಾರೂ ಬೆಲೆ ಕಟ್ಟದ ಆಟಗಾರನನ್ನು ಹುಡುಕುವುದೊಂದೇ ನನಗಿದ್ದ ದಾರಿ.

ನಮ್ಮ ಊರಿನಲ್ಲಿ ಆಟಗಾರನ ಬೆಲೆ ಎಂದರೆ ಕಾಲೇಜಿನ ಕ್ರೀಡಾ ಕೋಟಾದ ಸೀಟು, ಆಮೇಲೆ ನೌಕರಿ. ರೈಲ್ವೆ, ಆದಾಯ ತೆರಿಗೆ ಇಲಾಖೆ, ಸೇನೆಯ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಮತ್ತು ಎಎಸ್‌ಸಿ (ಆರ್ಮಿ ಸರ್ವಿಸ್ ಕೋರ್), ಬ್ಯಾಂಕುಗಳ ತಂಡಗಳು, ಇವೆಲ್ಲ ಇಲ್ಲಿನ ಹುಡುಗರ ಕನಸುಗಳು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದಾಗ ಬಾಸ್ಕೆಟ್‌ಬಾಲ್ ಆಡುವ ಎಷ್ಟು ಮನೆಗಳಲ್ಲಿ ತಂಡದ ಗತಿಯೇನು ಎಂಬ ಚರ್ಚೆ ನಡೆಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಯ್ಕೆಯ ದಿನ ಮೊದಲು ಕಣ್ಣಿಗೆ ಬೀಳುವವರು ಇಬ್ಬರೇ: ಅಂಕ ಗಳಿಸುವವನು ಮತ್ತು ಆರೂವರೆ ಅಡಿ ಎತ್ತರದವನು. ಆರು ಅಡಿ ಎರಡು ಅಂಗುಲದ, ಅಗಲ ಭುಜದ, ಪಂದ್ಯಕ್ಕೆ ನಾಲ್ಕಾರು ಅಂಕ ಗಳಿಸುವ ಹುಡುಗ ಇವರಿಬ್ಬರ ನಡುವೆ ಬಿದ್ದು ಕಳೆದುಹೋಗುತ್ತಾನೆ. ಸೆಂಟರ್ ಆಗಲು ಗಿಡ್ಡ, ಕೋರ್ಟಿನ ಬದಿಯಲ್ಲಿ, ವಿಂಗ್‌ನಲ್ಲಿ, ಆಡಲು ನಿಧಾನ ಎಂದು ಅವನನ್ನು ಎರಡೂ ಕಡೆಯಿಂದ ತಳ್ಳುತ್ತಾರೆ.

ಅವನು ಕಳೆದುಹೋಗಲು ಇನ್ನೊಂದು ಕಾರಣ ಸ್ಕೋರರ್ ಮೇಜಿನ ಮೇಲೇ ಇದೆ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಎಫ್‌ಐಬಿಎ ಮಾದರಿಯ ಅಧಿಕೃತ ಸ್ಕೋರ್‌ಶೀಟನ್ನು ಒಮ್ಮೆ ಗಮನವಿಟ್ಟು ನೋಡಿ. ಯಾರು ಎಷ್ಟು ಅಂಕ ಗಳಿಸಿದರು, ಯಾರು ಎಷ್ಟು ಫೌಲ್ ಮಾಡಿದರು, ಯಾವ ತಂಡ ಯಾವಾಗ ಟೈಮ್‌ಔಟ್ ತೆಗೆದುಕೊಂಡಿತು, ಮೊದಲ ಐವರು ಯಾರು, ಇವೆಲ್ಲ ಅದರಲ್ಲಿವೆ. ತಪ್ಪಿದ ಶಾಟ್‌ನ ಚೆಂಡನ್ನು ಹಿಡಿಯುವ ರೀಬೌಂಡ್‌ಗೆ ಅಂಕಣವೇ ಇಲ್ಲ. ಜೊತೆಗಾರನಿಗೆ ದಾರಿ ಬಿಡಿಸಲು ಎದುರಾಳಿಗೆ ಅಡ್ಡ ನಿಲ್ಲುವ ಸ್ಕ್ರೀನ್‌ಗೂ ಇಲ್ಲ, ರೀಬೌಂಡ್‌ಗಾಗಿ ಎದುರಾಳಿಯನ್ನು ಮೈಯಿಂದ ತಡೆದು ನಿಲ್ಲುವ ಬಾಕ್ಸ್ ಔಟ್‌ಗೂ ಇಲ್ಲ. ದೊಡ್ಡ ಟೂರ್ನಿಗಳಲ್ಲಿ ಅಂಕಿಅಂಶಕ್ಕೆಂದೇ ಬೇರೆ ತಂಡ ಕುಳಿತಿರುತ್ತದೆ. ನಮ್ಮ ಲೀಗ್ ಪಂದ್ಯಗಳಲ್ಲಿ ಉಳಿಯುವುದು ಈ ಒಂದು ಹಾಳೆ ಮಾತ್ರ. ನಾಲ್ಕನೇ ನಂಬರ್ ಆಟಗಾರ ಅದರಲ್ಲಿ ಬಿಟ್ಟುಹೋಗುವುದು ಬಹುತೇಕ ಫೌಲ್‌ಗಳನ್ನು ಮಾತ್ರ. ಅವನ ದುಡಿಮೆಯ ಲೆಕ್ಕ ಬೇಕೆಂದರೆ ಅದನ್ನು ನಾವೇ ಬರೆದುಕೊಳ್ಳಬೇಕು.

ಲೆಕ್ಕ ಇದ್ದರೂ ಜನ ನಂಬುವುದಿಲ್ಲ ಎಂಬುದಕ್ಕೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿಯೇ ಉದಾಹರಣೆಗಳಿವೆ. ಪಾಲ್ ಮಿಲ್ಸ್ಯಾಪ್ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಸತತ ಮೂರು ವರ್ಷ ಇಡೀ ದೇಶಕ್ಕೆ ರೀಬೌಂಡ್‌ನಲ್ಲಿ ಮೊದಲಿಗನಾಗಿದ್ದ. ಆದರೂ ತಂಡಗಳು ಒಂದೊಂದಾಗಿ ಹೊಸಬರನ್ನು ಆರಿಸಿಕೊಳ್ಳುವ 2006ರ ಡ್ರಾಫ್ಟ್‌ನಲ್ಲಿ ಅವನ ಸರದಿ ಬಂದದ್ದು 47ನೆಯದಾಗಿ. ಮುಂದೆ ಅವನು ನಾಲ್ಕು ಬಾರಿ ಲೀಗಿನ ಅತ್ಯುತ್ತಮರ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ. ಡ್ರೇಮಂಡ್ ಗ್ರೀನ್ 2012ರಲ್ಲಿ 35ನೆಯವನು, ಎತ್ತರ ಆರೂವರೆ ಅಡಿ, ಅಲ್ಲಿನ ನಾಲ್ಕನೇ ನಂಬರ್‌ಗೆ ಅದು ಗಿಡ್ಡವೇ. 2017ರಲ್ಲಿ ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರನ ಪ್ರಶಸ್ತಿ ಅವನಿಗೇ ಬಂತು. ಡೆನ್ನಿಸ್ ರಾಡ್‌ಮನ್ 1986ರಲ್ಲಿ 27ನೆಯವನಾಗಿ ಬಂದು, ಆಮೇಲೆ ಸತತ ಏಳು ಋತುಗಳಲ್ಲಿ ರೀಬೌಂಡ್ ಪಟ್ಟಿಯ ತಲೆಯಲ್ಲಿ ನಿಂತ. ಕೋಟಿಗಟ್ಟಲೆ ಹಣವೂ ಪೂರ್ಣಾವಧಿ ಆಯ್ಕೆಗಾರರೂ ಇರುವ ಕಡೆಯೇ ಇಂಥವರು ಕೆಳಗೆ ಜಾರುತ್ತಾರೆ ಎಂದಾದರೆ, ನಮ್ಮಲ್ಲಿ ಎಷ್ಟು ಜನ ಜಾರಿರಬೇಡ? ಈ ಯೋಚನೆಯೇ ನನಗೆ ಧೈರ್ಯ ಕೊಟ್ಟಿತು.

ನಾನು ಒಂದು ಉದ್ದನೆಯ ನೋಟ್‌ಬುಕ್ ಹಿಡಿದು ಪಂದ್ಯ ನೋಡಲು ಶುರು ಮಾಡಿದೆ. ಕಂಠೀರವದ ಹೊರಾಂಗಣ ಕೋರ್ಟ್‌ಗಳು, ಕಾಲೇಜುಗಳ ಅಂತರ ಕಾಲೇಜು ಟೂರ್ನಿಗಳು, ಭಾನುವಾರ ಬೆಳಗಿನ ಪಾರ್ಕ್ ಪಂದ್ಯಗಳು. ಇದರಲ್ಲಿ ಕಷ್ಟದ ಕೆಲಸವೆಂದರೆ ಶಾಟ್ ಹೋದಾಗ ಚೆಂಡನ್ನು ನೋಡದಿರುವುದು. ಕಣ್ಣು ತಾನಾಗಿಯೇ ರಿಂಗಿನ ಕಡೆ ಓಡುತ್ತದೆ. ಅದನ್ನು ತಡೆದು ನಾನು ಆಟಗಾರನ ಸೊಂಟವನ್ನು ನೋಡುತ್ತಿದ್ದೆ. ಶಾಟ್ ಕೈಬಿಟ್ಟ ಕ್ಷಣದಲ್ಲಿ ಅವನು ಎದುರಾಳಿಯನ್ನು ಹುಡುಕಿದನೇ? ಮೈ ತಾಗಿಸಿ, ಸೊಂಟ ತಗ್ಗಿಸಿ ಅವನನ್ನು ಹಿಂದೆ ತಳ್ಳಿ ನಿಂತನೇ? ಅಥವಾ ಚೆಂಡು ನೋಡುತ್ತ ಬಾಯಿ ತೆರೆದು ನಿಂತನೇ? ಮೈ ತಾಗಿಸಿ ನಿಂತಿದ್ದರೆ ಒಂದು ಗೆರೆ. ಕೊನೆಗೆ ಚೆಂಡು ಯಾರ ಕೈಗೆ ಹೋಯಿತು ಎಂಬುದು ನನಗೆ ಮುಖ್ಯವಾಗಿರಲಿಲ್ಲ. ಅವನು ತಡೆದು ನಿಲ್ಲಿಸಿದ್ದರಿಂದ ಅವನ ತಂಡದ ಗಾರ್ಡ್‌ಗೆ ಚೆಂಡು ಸಿಕ್ಕರೂ ಆ ರೀಬೌಂಡ್ ಇವನದೇ ಎಂದು ನಾನು ಬರೆದುಕೊಂಡೆ.

ಎರಡನೇ ಲೆಕ್ಕ, ಅವನು ಕೋರ್ಟಿನಲ್ಲಿದ್ದಾಗ ಎದುರಾಳಿ ತಪ್ಪಿದ ಶಾಟ್‌ಗಳಲ್ಲಿ ಎಷ್ಟು ಭಾಗ ತಂಡಕ್ಕೆ ಸಿಕ್ಕಿತು, ಅವನು ಬೆಂಚಿನಲ್ಲಿದ್ದಾಗ ಎಷ್ಟು ಎಂಬುದು. ಬರೀ ರೀಬೌಂಡ್ ಸಂಖ್ಯೆ ಮೋಸ ಮಾಡುತ್ತದೆ, ಏಕೆಂದರೆ ಎರಡೂ ತಂಡ ಸಿಕ್ಕಾಪಟ್ಟೆ ಶಾಟ್ ತಪ್ಪುವ ಪಂದ್ಯದಲ್ಲಿ ಯಾರಿಗಾದರೂ ಹತ್ತು ರೀಬೌಂಡ್ ಸಿಗುತ್ತದೆ. ಪಾಲನ್ನು ನೋಡಬೇಕು. ಒಂದು ಸರಳ ಲೆಕ್ಕ ಹೇಳುತ್ತೇನೆ. ಎದುರಾಳಿ ಒಂದು ಪಂದ್ಯದಲ್ಲಿ 30 ಶಾಟ್ ತಪ್ಪಿದರು ಎಂದಿಟ್ಟುಕೊಳ್ಳಿ. ನಮಗೆ 18 ಸಿಕ್ಕರೆ ಶೇಕಡಾ 60. ಒಳ್ಳೆಯ ನಾಲ್ಕನೇ ನಂಬರ್ ಆಟಗಾರನಿಂದ ಅದು 22 ಆದರೆ ಶೇಕಡಾ 73. ಎದುರಾಳಿಗೆ ನಾಲ್ಕು ಮರು ಅವಕಾಶ ಕಡಿಮೆ. ಎರಡು ಅಂಕದ ಶಾಟ್‌ಗಳು ಶೇಕಡಾ 40ರಷ್ಟು ಬೀಳುವ ಮಟ್ಟದಲ್ಲಿ ಒಂದೊಂದು ಅವಕಾಶವೂ 0.8 ಅಂಕ, ನಾಲ್ಕು ಸೇರಿ ಮೂರು ಅಂಕಕ್ಕಿಂತ ಹೆಚ್ಚು. ಮೂರು ಅಂಕದೊಳಗೆ ಸೋತ ಪಂದ್ಯಗಳು ನಮಗೆ ಬೇಕಾದಷ್ಟಿದ್ದವು. ಒಂದೂ ಶಾಟ್ ಹೊಡೆಯದ ಹುಡುಗ ಈ ಮೂರು ಅಂಕ ತಂದುಕೊಡಬಲ್ಲ.

ಸ್ಕ್ರೀನ್‌ಗೂ ಗೆರೆ ಹಾಕಿದೆ, ಓಡಿ ಹಿಂದೆ ಬರುವುದಕ್ಕೂ ಹಾಕಿದೆ. ಅವು ಸುಲಭ, ಯಾರಾದರೂ ನೋಡಬಹುದು.

ಎತ್ತರದ ಬಗ್ಗೆ ನನ್ನ ನಿಲುವು ಗಟ್ಟಿಯಾದದ್ದು 2019ರಲ್ಲಿ. ಆ ವರ್ಷ ಮಹಿಳೆಯರ ಏಷ್ಯಾ ಕಪ್ ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ನಡೆಯಿತು. ಫೈನಲ್‌ನಲ್ಲಿ ಜಪಾನ್ ತನಗಿಂತ ಎತ್ತರದ ಚೀನಾವನ್ನು 71–68ರಿಂದ ಸೋಲಿಸಿ ಸತತ ನಾಲ್ಕನೇ ಬಾರಿ ಕಪ್ ಗೆದ್ದಿತು. ಎತ್ತರವೊಂದೇ ತೀರ್ಮಾನಿಸುವುದಾಗಿದ್ದರೆ ಆ ಅಂಕಗಳು ಹಾಗೆ ಬರುತ್ತಿರಲಿಲ್ಲ. ಅಂದಿನಿಂದ ನಾನು ಹುಡುಗರ ಎತ್ತರ ಕೇಳುವುದನ್ನು ಬಿಟ್ಟು, ಗೋಡೆಗೆ ನಿಲ್ಲಿಸಿ ಕೈ ಎತ್ತಿಸಿ ಟೇಪ್ ಹಿಡಿಯುತ್ತೇನೆ. ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ. ಅಲ್ಲಿಗೆ ಹೋಗಬೇಕಾದದ್ದು ತಲೆಯಲ್ಲ, ಬೆರಳು. ಉದ್ದ ತೋಳಿನ 188 ಸೆಂಟಿಮೀಟರ್ ಹುಡುಗನ ಬೆರಳು ಗಿಡ್ಡ ತೋಳಿನ 193ರವನ ಬೆರಳಿಗಿಂತ ಮೇಲೆ ಹೋದದ್ದನ್ನು ನೋಡಿದ್ದೇನೆ. ಇನ್ನೊಂದು ಪರೀಕ್ಷೆ ಎರಡನೇ ಜಿಗಿತ. ಚೆಂಡನ್ನು ಬೋರ್ಡಿಗೆ ಎಸೆದು, ತಟ್ಟಿ, ಇಳಿದು ಮತ್ತೆ ತಟ್ಟು ಎನ್ನುತ್ತೇನೆ. ಮೊದಲ ಜಿಗಿತ ಎಷ್ಟು ಎತ್ತರ ಎಂಬುದನ್ನು ನಾನು ನೋಡುವುದೇ ಇಲ್ಲ. ಇಳಿದವನು ಮತ್ತೆ ಏಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ ಎಂಬುದನ್ನಷ್ಟೇ ನೋಡುತ್ತೇನೆ. ಜೊತೆಗೆ ಫ್ರೀ ಥ್ರೋ, ಅಂದರೆ ಎದುರಾಳಿಯ ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಎಸೆತ. ಅದು ಸರಾಗವಾಗಿ ಬೀಳುತ್ತಿದ್ದರೆ ಹದಿನೈದು ಅಡಿಯ ಶಾಟ್ ಕಲಿಸಬಹುದು. ಅದೂ ಬೀಳದಿದ್ದರೆ ಎದುರಾಳಿ ಅವನನ್ನು ಬಿಟ್ಟು ನಮ್ಮ ಸೆಂಟರ್ ಮೇಲೆ ಇಬ್ಬರನ್ನು ನಿಲ್ಲಿಸುತ್ತಾನೆ.

ನಮಗೆ ಸಿಕ್ಕ ಮೊದಲ ಹುಡುಗ ಒಂದು ಎಂಜಿನಿಯರಿಂಗ್ ಕಾಲೇಜಿನ ಬದಲಿ ಸೆಂಟರ್. ಆಡುತ್ತಿದ್ದದ್ದು ಒಂದು ಕ್ವಾರ್ಟರಿನಷ್ಟು ಹೊತ್ತು ಮಾತ್ರ. ತನಗಿಂತ ಅರ್ಧ ಅಡಿ ಎತ್ತರದವರ ಎದುರು ನಿಲ್ಲಿಸಿದ್ದರಿಂದ ದಿನವೂ ಸೋತವನಂತೆ ಕಾಣುತ್ತಿದ್ದ. ಆದರೆ ಅವನು ಬಂದೊಡನೆ ಎದುರಾಳಿಯ ಎರಡನೇ ಅವಕಾಶಗಳು ನಿಲ್ಲುತ್ತಿದ್ದವು. ಮೂಲೆಯಿಂದ ತಪ್ಪಿದ ಶಾಟ್ ಸಾಮಾನ್ಯವಾಗಿ ಎದುರು ಬದಿಗೆ ಬೀಳುತ್ತದೆ, ದೂರದ ಶಾಟ್ ದೂರಕ್ಕೆ ಚಿಮ್ಮುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವನ ಕಾಲುಗಳಿಗೆ ಗೊತ್ತಿತ್ತು. ಪಂದ್ಯ ಮುಗಿದ ಮೇಲೆ ಮಾತನಾಡಿಸಿದೆ.

“ಸರ್, ನಾನು ಅಂಕವೇ ಗಳಿಸುವುದಿಲ್ಲ. ನನ್ನನ್ನು ಯಾಕೆ ಕರೆಯುತ್ತಿದ್ದೀರಿ?” ಎಂದ.

ನೋಟ್‌ಬುಕ್ ತೆರೆದು ಅವನ ಗೆರೆಗಳನ್ನು ತೋರಿಸಿದೆ. ತನ್ನ ಹೆಸರಿನ ಮುಂದೆ ಅಷ್ಟು ಗೆರೆಗಳನ್ನು ಅವನು ಎಂದೂ ಕಂಡಿರಲಿಲ್ಲ. “ನಮ್ಮಲ್ಲಿ ನೀನು ಸೆಂಟರ್ ಅಲ್ಲಪ್ಪ, ನಾಲ್ಕನೇ ನಂಬರ್. ನಿನ್ನಷ್ಟೇ ಎತ್ತರದವರ ಎದುರು ಆಡುತ್ತೀಯ” ಎಂದೆ.

ಅವನ ತಾಯಿಯನ್ನು ಒಪ್ಪಿಸುವುದು ಹೆಚ್ಚು ಕಷ್ಟವಾಯಿತು. “ಆಡಿದರೆ ಕೆಲಸ ಸಿಗುತ್ತದಾ ಸರ್?” ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಕೊಡಿಸುತ್ತೇನೆ ಎಂದು ನಾನು ಹೇಳಲಿಲ್ಲ, ಯಾವ ಕೋಚೂ ಹಾಗೆ ಹೇಳಬಾರದು. “ಪರೀಕ್ಷೆಯ ವಾರ ಅಭ್ಯಾಸಕ್ಕೆ ಕರೆಯುವುದಿಲ್ಲ ಅಮ್ಮ, ರಾತ್ರಿ ಎಂಟೂವರೆಯೊಳಗೆ ಮನೆಗೆ ಕಳಿಸುತ್ತೇನೆ” ಎಂದೆ. ಆ ಮಾತನ್ನು ಇವತ್ತಿನವರೆಗೂ ಉಳಿಸಿಕೊಂಡಿದ್ದೇನೆ.

ಬೇರೆ ಆಟಗಳಿಂದಲೂ ಹುಡುಕಿದೆ. ವಾಲಿಬಾಲ್ ಬ್ಲಾಕರ್‌ಗಳ ಜಿಗಿತ ನೋಡಿ ಎಲ್ಲ ಕೋಚ್‌ಗಳಿಗೂ ಆಸೆಯಾಗುತ್ತದೆ. ಆದರೆ ಆ ಆಟದಲ್ಲಿ ಎದುರಾಳಿ ನೆಟ್‌ನ ಆಚೆ ಇರುತ್ತಾನೆ, ಮೈ ತಾಗುವುದೇ ಇಲ್ಲ. ರಿಂಗಿನ ಕೆಳಗೆ ಮೊಣಕೈಗಳ ನಡುವೆ ನಿಲ್ಲಿಸಿದರೆ ಅವರು ಹಿಂದೆ ಸರಿಯುತ್ತಾರೆ. ಕಬಡ್ಡಿ ಆಡಿದವನು ಹಾಗಲ್ಲ. ಸೊಂಟ ತಗ್ಗಿಸಿ ನಿಲ್ಲುವುದು, ಎದುರಾಳಿಯ ತೂಕವನ್ನು ತನ್ನ ಮೈಮೇಲೆ ಹೊರುವುದು, ಎರಡೂ ಅವನಿಗೆ ಬಾಲ್ಯದಿಂದ ಬಂದಿವೆ. ಮಂಡ್ಯ ಕಡೆಯಿಂದ ಬೆಂಗಳೂರಿಗೆ ಡಿಪ್ಲೊಮಾ ಓದಲು ಬಂದು, ಹಾಸ್ಟೆಲ್ ಕೋರ್ಟಿನಲ್ಲಿ ಸುಮ್ಮನೆ ಬಾಸ್ಕೆಟ್‌ಬಾಲ್ ಆಡುತ್ತಿದ್ದ ಅಂಥ ಒಬ್ಬ ಹುಡುಗ ನಮ್ಮ ಎರಡನೆಯ ಪವರ್ ಫಾರ್ವರ್ಡ್ ಆದ. ಡ್ರಿಬಲ್ ಇವತ್ತಿಗೂ ಒರಟು. ಅವನ ಕೈಗೆ ಚೆಂಡು ಸಿಕ್ಕೊಡನೆ ಹತ್ತಿರದ ಗಾರ್ಡ್‌ಗೆ ಕೊಡಬೇಕು ಎಂಬುದೊಂದೇ ನಿಯಮ ಮಾಡಿದ್ದೇವೆ. ಅವನನ್ನು ದಾಟಿ ಹೋಗಿ ಚೆಂಡು ಹಿಡಿದವರು ಕಡಿಮೆ.

ಇವರನ್ನು ತಂದರಷ್ಟೇ ಸಾಲದು, ತಂಡದವರ ಕಣ್ಣಿನಲ್ಲೂ ಬೆಲೆ ಬರಬೇಕು. ಪ್ರತಿ ಪಂದ್ಯದ ಮರುದಿನ ಅಭ್ಯಾಸಕ್ಕೆ ಮುಂಚೆ ನಾನು ಅಂಕಗಳನ್ನು ಓದುವುದಿಲ್ಲ. ಬಾಕ್ಸ್ ಔಟ್‌ಗಳನ್ನು ಓದುತ್ತೇನೆ, ಯಾರ ಸ್ಕ್ರೀನ್‌ನಿಂದ ಯಾರಿಗೆ ಖಾಲಿ ಶಾಟ್ ಸಿಕ್ಕಿತು ಎಂದು ಹೆಸರು ಹಿಡಿದು ಹೇಳುತ್ತೇನೆ. ಮೊದಮೊದಲು ಗಾರ್ಡ್‌ಗಳು ಮುಖ ಊದಿಸಿಕೊಂಡರು. ಆಮೇಲೆ ಅವರೇ ಸ್ಕ್ರೀನ್ ಕೊಟ್ಟವನ ಕಡೆ ಬೆರಳು ತೋರಿಸಿ ಧನ್ಯವಾದ ಹೇಳತೊಡಗಿದರು. ಫಲಿತಾಂಶವೂ ಬದಲಾಯಿತು. ಕೊನೆಯ ಐದು ನಿಮಿಷಗಳಲ್ಲಿ ಈಗ ನಾವು ಹೆದರುವುದಿಲ್ಲ. ಅಂಕ ಗಳಿಸುವ ಹುಡುಗರು ಮೊದಲಿನವರೇ, ಅವರ ಶಾಟ್‌ಗಳೂ ಮೊದಲಿನಷ್ಟೇ ಬೀಳುತ್ತವೆ.

ಬೆಲೆ ಗೊತ್ತಾದ ಮೇಲೆ ಆಟಗಾರ ನಮ್ಮಲ್ಲೇ ಉಳಿಯುವುದಿಲ್ಲ, ಉಳಿಯಲೂಬಾರದು. ಎಂಜಿನಿಯರಿಂಗ್ ಹುಡುಗನನ್ನು ನೌಕರಿ ಕೊಡುವ ತಂಡವೊಂದು ಟ್ರಯಲ್ಸ್‌ಗೆ ಕರೆದಿದೆ. ಕ್ಲಬ್ಬಿನ ಒಪ್ಪಿಗೆ ಪತ್ರವನ್ನು ಅದೇ ಸಂಜೆ ಬರೆದುಕೊಟ್ಟೆ, ಜೊತೆಗೆ ನನ್ನ ನೋಟ್‌ಬುಕ್‌ನ ಅವನ ಪುಟಗಳ ನಕಲನ್ನೂ ಕಳಿಸಿದೆ, ಏಕೆಂದರೆ ಸ್ಕೋರ್‌ಶೀಟ್ ನೋಡಿ ಅವನನ್ನು ಯಾರೂ ಆರಿಸಲಾರರು. ಅವನ ಜಾಗಕ್ಕೆ ಈಗ ಇಬ್ಬರ ಮೇಲೆ ಕಣ್ಣಿಟ್ಟಿದ್ದೇನೆ. ಒಬ್ಬ ಯಲಹಂಕದ ಕಡೆಯವನು, ಎರಡನೇ ಜಿಗಿತ ಚುರುಕಾಗಿದೆ, ಫ್ರೀ ಥ್ರೋ ಇನ್ನೂ ನೋಡಬೇಕು. ಇನ್ನೊಬ್ಬ ಮೂವತ್ತು ದಾಟಿದವನು, ಸೇನೆಯ ತಂಡದಲ್ಲಿ ಆಡಿ ಬಂದು ಈಗ ಸೆಕ್ಯೂರಿಟಿ ಕೆಲಸದಲ್ಲಿದ್ದಾನೆ. ಅವನ ಪಾಳಿ ರಾತ್ರಿಯದೋ ಹಗಲಿನದೋ ತಿಳಿದುಕೊಂಡು ಅಭ್ಯಾಸದ ಹೊತ್ತು ಹೊಂದಿಸಬೇಕು.